ಯಂತ್ರ ಮುಂದೆ ತಂದರೆ ಪಿಕಪ್ ಹಿಂದೆ ಕೂರುತ್ತದೆ, ಹಿಂದೆ ಸರಿಸಿದರೆ ಟ್ರೇಲರ್ ಓಲಾಡುತ್ತದೆ. ಯಾವುದು ಸರಿ?

ಹಳದಿ_ಬಕೆಟ್

ನಮಸ್ಕಾರ ಎಲ್ಲರಿಗೂ. ಡಬಲ್ ಕ್ಯಾಬ್ ಡೀಸೆಲ್ ಪಿಕಪ್‌ಗೆ ಟ್ರೇಲರ್ ಕಟ್ಟಿ ಮಿನಿ ಎಕ್ಸ್‌ಕವೇಟರ್ ಸಾಗಿಸಬೇಕು. ಊಹೆಗೆ ಜಾಗ ಇರಬಾರದು ಅಂತ ಅಂಕಿಗಳನ್ನೆಲ್ಲ ಮೊದಲೇ ಹಾಕಿದ್ದೇನೆ, ತೂಕವೆಲ್ಲ ಕಿಲೋದಲ್ಲಿ.

ಪಿಕಪ್: ಖಾಲಿ ತೂಕ 2,050. ಅದರಲ್ಲಿ ಮುಂದಿನ ಆಕ್ಸಲ್ ಮೇಲೆ 1,150, ಹಿಂದಿನದರ ಮೇಲೆ 900. ಗಾಡಿಯ ಒಟ್ಟು ತೂಕದ ಮಿತಿ 3,000. ಹಿಂದಿನ ಆಕ್ಸಲ್ ಮಿತಿ 1,800. ಗಾಡಿ ಮತ್ತು ಟ್ರೇಲರ್ ಸೇರಿದ ಮಿತಿ 5,850. ಬ್ರೇಕ್ ಇರುವ ಟ್ರೇಲರ್ ಎಳೆಯುವ ಸಾಮರ್ಥ್ಯ 3,500. ಹಿಚ್ (ಟ್ರೇಲರ್ ಕಟ್ಟುವ ಕೊಂಡಿ) ಮೇಲಿನ ತಗಡಿನಲ್ಲಿ ಬಾಲ್ (ಕೊಂಡಿಯ ಗುಂಡು) ಮೇಲೆ ಗರಿಷ್ಠ 350 ಅಂತಿದೆ. ವೀಲ್‌ಬೇಸ್ (ಎರಡು ಆಕ್ಸಲ್‌ಗಳ ನಡುವಿನ ದೂರ) 3.2 ಮೀಟರ್, ಹಿಂದಿನ ಆಕ್ಸಲ್‌ನಿಂದ ಬಾಲ್‌ಗೆ 1.2 ಮೀಟರ್.

ಟ್ರೇಲರ್: ಎರಡು ಆಕ್ಸಲ್, ನಾಲ್ಕೂ ಚಕ್ರಕ್ಕೆ ಎಲೆಕ್ಟ್ರಿಕ್ ಡ್ರಮ್ ಬ್ರೇಕ್. ಖಾಲಿ ತೂಕ 850, ಬಾಲ್ ಮೇಲೆ ಕೂರುವ ಕಪ್ಲರ್‌ನಿಂದ ಎರಡೂ ಆಕ್ಸಲ್‌ಗಳ ನಟ್ಟನಡುವಿಗೆ 4 ಮೀಟರ್. ಖಾಲಿ ಇದ್ದಾಗ ಬಾಲ್ ಮೇಲೆ 80 ಬೀಳುತ್ತದೆ. ಯಂತ್ರ 2,000.

ಕ್ಯಾಬಿನ್‌ನಲ್ಲಿ ಮೂವರು. ಪಿಕಪ್‌ನ ಲೋಡ್ ಬಾಡಿಯಲ್ಲಿ ಡೀಸೆಲ್ ಕ್ಯಾನ್, ಹೆಚ್ಚುವರಿ ಬಕೆಟ್, ಸಾಮಾನು ಎಲ್ಲ ಸೇರಿ 350. ವೇ ಬ್ರಿಡ್ಜ್‌ನಲ್ಲಿ ಪಿಕಪ್ ಒಂದೇ ನಿಂತಾಗ 2,625 ಬಂತು. ಟ್ರೇಲರ್ ಕಟ್ಟಿ, ಪಿಕಪ್‌ನ ಚಕ್ರಗಳನ್ನು ಮಾತ್ರ ಪ್ಲಾಟ್‌ಫಾರ್ಮ್ ಮೇಲೆ ನಿಲ್ಲಿಸಿದಾಗ 2,775.

ತೊಂದರೆ ಏನೆಂದರೆ, 70 ಕಿ.ಮೀ. ದಾಟಿದರೆ ಟ್ರೇಲರ್‌ನ ಹಿಂಭಾಗ ಅತ್ತಿತ್ತ ಆಡಲು ಶುರು. ಪಕ್ಕದಲ್ಲಿ ಲಾರಿ ಹಾದುಹೋದರೆ ಇನ್ನೂ ಜಾಸ್ತಿ. ಯಂತ್ರವನ್ನು ಮುಂದಕ್ಕೆ ತಂದರೆ ಪಿಕಪ್ ಹಿಂದೆ ಕೂತು ಹೆಡ್‌ಲೈಟ್ ಮೇಲಕ್ಕೆ ನೋಡುತ್ತದೆ, ಅದಕ್ಕೇ ಯಂತ್ರವನ್ನು ಹಿಂದಕ್ಕೆ ಸರಿಸಿ ಆಕ್ಸಲ್‌ಗಳ ಮೇಲೇ ಇಟ್ಟಿದ್ದೇನೆ. ಸಾಮರ್ಥ್ಯ 3,500 ಇರುವಾಗ 2,850ಕ್ಕೇ ಹೀಗೇಕೆ? ಹಿಂದಿನ ಸಸ್ಪೆನ್ಷನ್‌ಗೆ ಏರ್ ಬ್ಯಾಗ್ ಹಾಕಿಸಿದರೆ ಸರಿ ಹೋಗುತ್ತದಾ?

ತೂಕದ_ಚೀಟಿ

ಬೇಕಾದ ಉತ್ತರ ನಿಮ್ಮ ವೇ ಬ್ರಿಡ್ಜ್ ಚೀಟಿಯಲ್ಲೇ ಇದೆ. 2,775ರಲ್ಲಿ 2,625 ಕಳೆದರೆ 150. ಅಷ್ಟು ಮಾತ್ರ ಬಾಲ್ ಮೇಲೆ ಕೂತಿದೆ. ಟ್ರೇಲರ್‌ನ ಒಟ್ಟು ತೂಕ 2,850ಕ್ಕೆ ಹೋಲಿಸಿದರೆ ಇದು ಶೇಕಡಾ 5ಕ್ಕೆ ಸ್ವಲ್ಪ ಮೇಲೆ. ಇಂಥ ಭಾರದ, ಬಾಲ್ ಹಿಚ್ ಟ್ರೇಲರ್‌ಗೆ ಶೇ. 10ರಿಂದ 15 ಬೇಕು. ಓಲಾಟದ ಮೂಲ ಇದೇ.

ಯಾಕೆ ಅಂದರೆ, ಟ್ರೇಲರ್ ಬಾಲ್ ಸುತ್ತ ತಿರುಗುವ ವಸ್ತು. ಗಾಳಿಗೋ ರಸ್ತೆಯ ಕೊರಕಲಿಗೋ ಸ್ವಲ್ಪ ಪಕ್ಕಕ್ಕೆ ಹೋದಾಗ ಅದರ ಟೈರುಗಳು ಮತ್ತೆ ನೇರಕ್ಕೆ ಎಳೆಯುತ್ತವೆ. ಗುರುತ್ವ ಕೇಂದ್ರ ಆಕ್ಸಲ್‌ಗಿಂತ ಸಾಕಷ್ಟು ಮುಂದೆ ಇದ್ದರೆ ಪ್ರತಿ ಸಲವೂ ಆಟ ಸಣ್ಣದಾಗುತ್ತ ನಿಲ್ಲುತ್ತದೆ. ಭಾರ ಹಿಂದೆ ಸರಿದಷ್ಟೂ ಆ ತಣಿಯುವಿಕೆ ಕಡಿಮೆ. ಒಂದು ವೇಗ ದಾಟಿದ ಮೇಲೆ ಆಟ ತಣಿಯುವ ಬದಲು ಪ್ರತಿ ಸಲವೂ ದೊಡ್ಡದಾಗುತ್ತ ಹೋಗುತ್ತದೆ. ನಿಮ್ಮ ಲೋಡಿಗೆ ಆ ವೇಗ 70ರಿಂದ ಬಹಳ ದೂರವಿಲ್ಲ. ಇಳಿಜಾರಿನಲ್ಲಿ ಹಿಂದಿನಿಂದ ತಳ್ಳಿದರೆ ಅದಕ್ಕೂ ಮುಂಚೆಯೇ ಬರಬಹುದು. ಹಾಗಾಗಿ ಈಗಿನ ಲೋಡಿಂಗ್‌ನಲ್ಲಿ ದಯವಿಟ್ಟು ರಸ್ತೆಗೆ ಇಳಿಯಬೇಡಿ.

ಎಷ್ಟು ಸರಿಸಬೇಕು? ಹಿಚ್ ಭಾರದ (ಬಾಲ್ ಮೇಲೆ ಬೀಳುವ ತೂಕದ) ಬದಲಾವಣೆ ಅಂದರೆ ಯಂತ್ರದ ತೂಕವನ್ನು ಸರಿಸಿದ ದೂರದಿಂದ ಗುಣಿಸಿ, ಕಪ್ಲರ್‌ನಿಂದ ಆಕ್ಸಲ್ ನಡುವಿನ ದೂರದಿಂದ ಭಾಗಿಸುವುದು. ನಿಮಗೆ 2,000 × 0.1 ÷ 4 = 50. ಪ್ರತಿ 10 ಸೆಂ.ಮೀ.ಗೆ 50 ಕಿಲೋ. ಶೇ. 12ರ ಗುರಿ ಇಟ್ಟರೆ 340 ಬೇಕು, ಈಗ 150 ಇದೆ, ಕೊರತೆ 190. ಯಂತ್ರ 38 ಸೆಂ.ಮೀ. ಮುಂದೆ ಬರಬೇಕು. ಅಷ್ಟೇ ದೂರ. ಆದರೆ ಹಿಚ್ ತಗಡಿನ 350ಕ್ಕೆ ಬರೀ 10 ಕಿಲೋ ಬಾಕಿ ಉಳಿಯುತ್ತದೆ, ಅಂದರೆ 2 ಸೆಂ.ಮೀ. ಅಂದಾಜಿನಲ್ಲಿ ನಿಲ್ಲಿಸುವ ಕೆಲಸ ಇದಲ್ಲ. ಒಮ್ಮೆ ತೂಕ ಹಾಕಿ ಸರಿಯಾದ ಜಾಗ ಸಿಕ್ಕ ಮೇಲೆ ಟ್ರ್ಯಾಕ್‌ನ ಮುಂತುದಿ ಎಲ್ಲಿ ಬರುತ್ತದೋ ಅಲ್ಲಿ ಹಲಗೆಯ ಎರಡೂ ಬದಿಗೆ ಪೇಂಟ್ ಗೆರೆ ಎಳೆಯಿರಿ. ಮುಂದಿನ ಸಲದಿಂದ ಗೆರೆಗೆ ಗೆರೆ.

ಇಲ್ಲಿ ಹಲವರು ಎಡವುವ ಜಾಗ ಒಂದಿದೆ. ಯಂತ್ರದ ಉದ್ದದ ನಡುಭಾಗವೇ ಅದರ ಗುರುತ್ವ ಕೇಂದ್ರ ಅಲ್ಲ. ಇಂಜಿನ್ ಮತ್ತು ಕೌಂಟರ್‌ವೇಟ್ ಇರುವ ಕಡೆಗೆ ಭಾರ ವಾಲಿರುತ್ತದೆ. ಅದೇ ಯಂತ್ರವನ್ನು ಮುಖ ಬದಲಿಸಿ ಹತ್ತಿಸಿದರೆ ಹಿಚ್ ಭಾರ ಪೂರಾ ಬೇರೆ ಬರುತ್ತದೆ. ಬೂಮ್ ಚಾಚಿದರೂ ಮಡಿಸಿದರೂ ವ್ಯತ್ಯಾಸ. ಯಾವ ಮುಖದಲ್ಲಿ ಹತ್ತಿಸಬೇಕು ಅನ್ನುವುದನ್ನು ಯಂತ್ರದ ಕೈಪಿಡಿ ಹೇಳಿರುತ್ತದೆ, ಅದನ್ನೇ ಪ್ರತಿ ಸಲ ಪಾಲಿಸಿ. ಬಕೆಟ್ ಬದಲಿಸಿದರೆ ತೂಕ ಮತ್ತೆ ಹಾಕಿ.

ವೇ ಬ್ರಿಡ್ಜ್ ದೂರ ಇದ್ದರೆ ಮನೆಯಲ್ಲಿ ಮನುಷ್ಯರನ್ನು ತೂಗುವ ತಕ್ಕಡಿಯಲ್ಲೇ ಅಳೆಯಬಹುದು. ಸಮತಟ್ಟಾದ ನೆಲದಲ್ಲಿ ಟ್ರೇಲರ್ ಚಕ್ರಗಳಿಗೆ ಅಡೆ ಕೊಡಿ. ದಪ್ಪ ಮರದ ತೊಲೆಯ ಒಂದು ತುದಿ ಇಟ್ಟಿಗೆಯ ಮೇಲಿನ ಪೈಪಿನ ಮೇಲೆ, ಇನ್ನೊಂದು ತುದಿ ತಕ್ಕಡಿಯ ಮೇಲಿನ ಪೈಪಿನ ಮೇಲೆ ಇರಲಿ. ಎರಡು ಪೈಪುಗಳ ನಡುವೆ 90 ಸೆಂ.ಮೀ. ಇಟ್ಟಿಗೆ ಕಡೆಯಿಂದ 30 ಸೆಂ.ಮೀ. ದೂರದಲ್ಲಿ ಕಪ್ಲರ್‌ನ ಭಾರ ತೊಲೆಯ ಮೇಲೆ ಬರಬೇಕು. ಬರೀ ತೊಲೆ ಇದ್ದಾಗ ತಕ್ಕಡಿ ತೋರಿಸಿದ್ದನ್ನು ಕಳೆದು, ಉಳಿದದ್ದನ್ನು 3ರಿಂದ ಗುಣಿಸಿ. 113 ತೋರಿಸಿದರೆ ಹಿಚ್ ಭಾರ 340. ಕಪ್ಲರ್ ಎತ್ತರ ಮಾತ್ರ ಬಾಲ್ ಮೇಲೆ ಕೂತಾಗ ಇರುವಷ್ಟೇ ಇರಲಿ, ಟ್ರೇಲರ್ ವಾಲಿದ್ದರೆ ಅಂಕಿ ತಪ್ಪುತ್ತದೆ.

ಮೂರನೇ_ಗೇರ್

ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಹಾಕಿಸಿ, ಜೊತೆಗೊಂದು ಫ್ರಿಕ್ಷನ್ ಸ್ವೇ ಬಾರ್. ಹಿಂದೆ ಕೂರುವುದಕ್ಕೆ ಏರ್ ಬ್ಯಾಗ್. ಮೂರೂ ಸೇರಿದರೆ ಯಂತ್ರ ಎಲ್ಲಿದ್ದರೂ ಟ್ರೇಲರ್ ಅಲುಗುವುದಿಲ್ಲ.

ಆಕ್ಸಲ್_ಲೆಕ್ಕ

"ಯಂತ್ರ ಎಲ್ಲಿದ್ದರೂ" ಅನ್ನುವುದನ್ನು ಒಪ್ಪಲಾರೆ. ಫ್ರಿಕ್ಷನ್ ಬಾರ್ ಓಲಾಟಕ್ಕೆ ತಡೆ ಒಡ್ಡುತ್ತದೆ ಹೊರತು ಓಲಾಟದ ಕಾರಣವನ್ನು ತೆಗೆಯುವುದಿಲ್ಲ. ಶೇ. 5 ಹಿಚ್ ಭಾರದ ಟ್ರೇಲರ್‌ಗೆ ಅದನ್ನು ಹಾಕಿದರೆ ಓಲಾಟ ಶುರುವಾಗುವ ವೇಗ ಇನ್ನೊಂದಿಷ್ಟು ಮೇಲೆ ಹೋಗುತ್ತದೆ. ಆಗ ಅದು ಕೈತಪ್ಪುವುದು ಹೆಚ್ಚಿನ ವೇಗದಲ್ಲಿ. ಮೊದಲು ಲೋಡು ಸರಿ ಮಾಡಿ, ಆಮೇಲೆ ಉಪಕರಣದ ಮಾತು.

ಇನ್ನು 3,500ರ ವಿಷಯ. ಅದು ಪಿಕಪ್ ಹೆಚ್ಚುಕಡಿಮೆ ಖಾಲಿ ಇದ್ದಾಗಿನ ಅಂಕಿ. ಸೇರಿದ ಮಿತಿ 5,850ರಲ್ಲಿ ಟ್ರೇಲರ್‌ಗೆ 3,500 ಕೊಟ್ಟರೆ ಪಿಕಪ್‌ಗೆ ಉಳಿಯುವುದು 2,350. ಖಾಲಿ ಗಾಡಿಯೇ 2,050. ಮಿಕ್ಕ 300ರಲ್ಲಿ ಜನ, ಸಾಮಾನು, ಬುಲ್ ಬಾರ್, ಕ್ಯಾನೊಪಿ ಎಲ್ಲ ಮುಗಿಯಬೇಕು. ನಿಮ್ಮದು 2,625 + 2,850 = 5,475, ಇದರಲ್ಲಿ ತೊಂದರೆಯಿಲ್ಲ.

ನಿಮ್ಮನ್ನು ಕಟ್ಟಿಹಾಕುವುದು ಹಿಂದಿನ ಆಕ್ಸಲ್. ಬಾಲ್ ಮೇಲಿನ 340 ಕಿಲೋ ಹಿಂದಿನ ಆಕ್ಸಲ್‌ಗಿಂತ 1.2 ಮೀಟರ್ ಹಿಂದೆ ಕೂರುವುದರಿಂದ ಮುಂಭಾಗವನ್ನು ಎತ್ತುತ್ತದೆ. 340 × 1.2 ÷ 3.2 = ಸುಮಾರು 127. ಇಷ್ಟು ಮುಂದಿನ ಚಕ್ರಗಳಿಂದ ಹೋಗುತ್ತದೆ. ಹಿಂದಿನ ಆಕ್ಸಲ್ ಮೇಲೆ ಬೀಳುವುದು 340 ಮಾತ್ರ ಅಲ್ಲ, 340 + 127 = 467. ಇದಕ್ಕೆ ಖಾಲಿ ಗಾಡಿಯ 900, ಲೋಡ್ ಬಾಡಿಯ 350, ಕ್ಯಾಬಿನ್ ಜನರಲ್ಲಿ ಹಿಂದಕ್ಕೆ ಬೀಳುವ ಸುಮಾರು 100 ಸೇರಿಸಿ. 1,817 ಆಯಿತು. ಮಿತಿ 1,800. ಗಾಡಿಯ ಒಟ್ಟು ತೂಕ 2,965 ಇದ್ದು 3,000ದ ಒಳಗೇ ಇದೆ, ಆದರೂ ಹಿಂದಿನ ಆಕ್ಸಲ್ ಮಿತಿ ಮೀರಿತು. ಒಟ್ಟು ತೂಕ ಮಾತ್ರ ನೋಡುವವರಿಗೆ ಇದು ಕಾಣುವುದೇ ಇಲ್ಲ.

ಪರಿಹಾರ ಸುಲಭ. ಆ ಹೆಚ್ಚುವರಿ ಬಕೆಟ್ ಮತ್ತು ಭಾರದ ಸಾಮಾನು ಸೇರಿ 100 ಕಿಲೋವನ್ನು ಪಿಕಪ್‌ನಿಂದ ತೆಗೆದು ಟ್ರೇಲರ್ ಮೇಲೆ, ಎರಡೂ ಆಕ್ಸಲ್‌ಗಳ ನಡುಮಧ್ಯೆ ಇಡಿ. ಅಲ್ಲಿಟ್ಟ ತೂಕ ಬಾಲ್ ಮೇಲೆ ಬೀಳುವುದಿಲ್ಲ. ಹಿಂದಿನ ಆಕ್ಸಲ್ 1,717ಕ್ಕೆ ಇಳಿಯುತ್ತದೆ. ಟ್ರೇಲರ್ 2,950 ಆಗುತ್ತದೆ, ಹಿಚ್ ಭಾರ 340 ಹಾಗೇ ಉಳಿದು ಶೇ. 11.5. ಸೇರಿದ ತೂಕ ಬದಲಾಗುವುದಿಲ್ಲ. ಟ್ರೇಲರ್‌ನ ಸ್ವಂತ ಮಿತಿಯನ್ನೂ ಅದರ ತಗಡಿನಲ್ಲಿ ನೋಡಿಕೊಳ್ಳಿ. ಡೀಸೆಲ್ ಕ್ಯಾನ್ ಪಿಕಪ್‌ನಲ್ಲೇ ಇರುವುದಾದರೆ ಕ್ಯಾಬಿನ್ ಗೋಡೆಗೆ ಒತ್ತಿ ಕಟ್ಟಿ, ಟೇಲ್‌ಗೇಟ್ ಹತ್ತಿರ ಬೇಡ.

ಏರ್ ಬ್ಯಾಗ್: ಹಿಂಭಾಗವನ್ನು ಎತ್ತುತ್ತದೆ, ನೋಡಲು ಗಾಡಿ ಸಮವಾಗುತ್ತದೆ, ಹೆಡ್‌ಲೈಟ್ ಕೆಳಗೆ ಬರುತ್ತದೆ. ಆದರೆ ಮುಂದಿನ ಚಕ್ರದಿಂದ ಹೋದ 127 ಕಿಲೋದಲ್ಲಿ ಒಂದು ಕಿಲೋವನ್ನೂ ವಾಪಸು ತರುವುದಿಲ್ಲ. ಆಕ್ಸಲ್ ಮಿತಿಯನ್ನೂ ಏರಿಸುವುದಿಲ್ಲ, ಯಾಕೆಂದರೆ ಆ ಮಿತಿಯಲ್ಲಿ ಆಕ್ಸಲ್ ಹೌಸಿಂಗ್, ಬೇರಿಂಗ್, ಟೈರು, ರಿಮ್ ಎಲ್ಲ ಸೇರಿವೆ.

ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಬೇರೆ ಜಾತಿ. ಸ್ಪ್ರಿಂಗ್ ಬಾರ್‌ಗಳ ಬಿಗುವಿನಿಂದ ಹಿಂದಿನ ಆಕ್ಸಲ್ ಭಾರದ ಒಂದು ಪಾಲನ್ನು ಮುಂದಿನ ಆಕ್ಸಲ್‌ಗೂ ಟ್ರೇಲರ್ ಆಕ್ಸಲ್‌ಗೂ ಹಂಚುತ್ತದೆ. ನಿಮ್ಮ ಅಳತೆಗೆ, ಮುಂಭಾಗ ಕಳೆದುಕೊಂಡದ್ದರ ಅರ್ಧ ವಾಪಸು ತಂದರೆ ಮುಂದಕ್ಕೆ ಸುಮಾರು 65, ಟ್ರೇಲರ್‌ಗೆ 40, ಹಿಂದಿನ ಆಕ್ಸಲ್‌ನಿಂದ 105 ಇಳಿಕೆ. ಆದರೆ ಆ ಹಿಚ್‌ನದೇ ತೂಕ ಸುಮಾರು 40 ಕಿಲೋ ಇರುತ್ತದೆ. ಅದೂ ಹಿಂದೆ ನೇತಾಡುವುದರಿಂದ ಹಿಂದಿನ ಆಕ್ಸಲ್‌ಗೆ 55 ಸೇರುತ್ತದೆ. ನಿವ್ವಳ ಲಾಭ 50. ಕೊಳ್ಳುವ ಮುನ್ನ ಗಾಡಿಯ ಕೈಪಿಡಿ ಓದಿ. ಕೆಲವು ಗಾಡಿಗಳಿಗೆ ಇಂತಿಷ್ಟು ತೂಕದ ಮೇಲೆ ಇದು ಕಡ್ಡಾಯ, ಇನ್ನು ಕೆಲವಕ್ಕೆ ಹಾಕಲೇಬಾರದು ಅಂತ ಬರೆದಿರುತ್ತಾರೆ.

ಹಾಕಿಸಿದರೆ ಹೊಂದಿಸುವ ಕ್ರಮ ಹೀಗೆ. ಟ್ರೇಲರ್ ಇಲ್ಲದೆ, ಸಾಮಾನು ತುಂಬಿದ ಪಿಕಪ್‌ನ ಮುಂದಿನ ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿಗೆ ನೇರ ಮೇಲಕ್ಕೆ ಅಳೆಯಿರಿ. ಟ್ರೇಲರನ್ನು ಬಾಲ್ ಮೇಲೆ ಇಳಿಸಿ, ಬಾರ್ ಬಿಗಿಸದೆ ಮತ್ತೆ ಅಳೆಯಿರಿ. ಮೊದಲನೆಯದು 520 ಮಿ.ಮೀ., ಎರಡನೆಯದು 540 ಅಂದುಕೊಳ್ಳಿ. ಬಾರ್ ಬಿಗಿಸಿದ ಮೇಲೆ 530ರ ಆಸುಪಾಸಿಗೆ ಬರಬೇಕು. ಎಷ್ಟು ಪಾಲು ಇಳಿಸಬೇಕು ಅನ್ನುವುದಕ್ಕೆ ಗಾಡಿಯ ಕೈಪಿಡಿಯ ಮಾತೇ ಕೊನೆ. 520ಕ್ಕಿಂತ ಕೆಳಗೆ ಮಾತ್ರ ಎಂದೂ ಇಳಿಸಬೇಡಿ. ಹಿಂದಿನ ಚಕ್ರಗಳು ಹಗುರಾದರೆ ಒದ್ದೆ ರಸ್ತೆಯ ತಿರುವಿನಲ್ಲಿ ಬ್ರೇಕ್ ಹಾಕಿದಾಗ ಹಿಂಭಾಗ ಹೊರಗೆ ಜಾರುತ್ತದೆ.

ಹಳದಿ_ಬಕೆಟ್

ತುಂಬಾ ಉಪಕಾರ. ಯಂತ್ರ ಮುಂದೆ, ಬಕೆಟ್ ಟ್ರೇಲರ್ ಮೇಲೆ, ಇದು ಸ್ಪಷ್ಟವಾಯಿತು. ಇನ್ನೆರಡು ಪ್ರಶ್ನೆ. ಟ್ರೇಲರ್ ಬ್ರೇಕ್ ಕಂಟ್ರೋಲರ್‌ನ ಗೇನ್ (ಬ್ರೇಕ್‌ಗೆ ಎಷ್ಟು ಬಲ ಅನ್ನುವ ಅಂಕಿ) 5ರಲ್ಲಿದೆ, ಬ್ರೇಕ್ ಹಾಕಿದಾಗ ಟ್ರೇಲರ್ ಹಿಂದಿನಿಂದ ನೂಕಿದಂತಾಗುತ್ತದೆ. 8ಕ್ಕೆ ಏರಿಸಿದರೂ ಹೆಚ್ಚು ವ್ಯತ್ಯಾಸವಿಲ್ಲ. ಎರಡನೆಯದು, ಓಲಾಟ ಶುರುವಾದರೆ ಆಕ್ಸಿಲರೇಟರ್ ಕೊಟ್ಟು ಎಳೆದರೆ ನೇರವಾಗುತ್ತದೆ ಅನ್ನುತ್ತಾರೆ. ನಿಜವಾ?

ಡ್ರಮ್_ಶೂ

ಗೇನ್ ಏರಿಸಿದರೂ ಬ್ರೇಕ್ ಬರದಿದ್ದರೆ ತೊಂದರೆ ಕಂಟ್ರೋಲರ್‌ನಲ್ಲಿ ಇರುವುದು ಕಡಿಮೆ. ಶೂ ಸವೆದು ಡ್ರಮ್‌ನಿಂದ ದೂರ ಸರಿದಿರಬೇಕು, ಇಲ್ಲವೇ ಶೂವನ್ನು ಡ್ರಮ್‌ಗೆ ಒತ್ತಿಸುವ ಮ್ಯಾಗ್ನೆಟ್‌ಗೆ ಕರೆಂಟ್ ಸಾಲುತ್ತಿಲ್ಲ.

ಮೊದಲು ಶೂ. ಟ್ರೇಲರ್ ಜಾಕ್ ಮಾಡಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬ್ಯಾಕಿಂಗ್ ಪ್ಲೇಟ್‌ನ ಕೆಳಭಾಗದಲ್ಲಿ ರಬ್ಬರ್ ಮುಚ್ಚಳದ ಒಂದು ಸೀಳು ಇರುತ್ತದೆ, ಅದರೊಳಗೆ ಹಲ್ಲಿನ ಚಕ್ರ. ಚಪ್ಪಟೆ ಸ್ಕ್ರೂಡ್ರೈವರ್‌ನಿಂದ ಅದನ್ನು ತಿರುಗಿಸುತ್ತ, ಚಕ್ರವನ್ನು ಕೈಯಲ್ಲಿ ತಿರುಗಿಸುವುದೇ ಕಷ್ಟವಾಗುವ ತನಕ ಬಿಗಿಸಿ. ಆಮೇಲೆ ಹಿಂದಕ್ಕೆ ಬಿಡಿ. ಚಕ್ರ ಸಲೀಸಾಗಿ ತಿರುಗಬೇಕು, ಆದರೆ ಶೂ ನವಿರಾಗಿ ಸವರುವ ಸದ್ದು ಕೇಳುತ್ತಿರಬೇಕು. ನಾಲ್ಕಕ್ಕೂ ಒಂದೇ ತೆರನಾದ ಸವರುವಿಕೆ ಬರಲಿ. ಹೊಸ ಶೂ ಹಾಕಿದ್ದರೆ ಸುಮಾರು 300 ಕಿ.ಮೀ. ಆದ ಮೇಲೆ ಒಮ್ಮೆ, ಅಲ್ಲಿಂದ ಮುಂದೆ 5,000 ಕಿ.ಮೀ.ಗೊಮ್ಮೆ ಇದೇ ಕೆಲಸ. ತಾನೇ ಹೊಂದಿಕೊಳ್ಳುವ ಮಾದರಿಯಾದರೆ ಇದು ಬೇಡ.

ಆಮೇಲೆ ಕರೆಂಟ್. ಈ ಗಾತ್ರದ ಬ್ರೇಕ್‌ನ ಒಂದು ಮ್ಯಾಗ್ನೆಟ್ 12 ವೋಲ್ಟ್‌ಗೆ ಸುಮಾರು 3 ಆಂಪಿಯರ್ ಎಳೆಯುತ್ತದೆ. ನಾಲ್ಕಕ್ಕೆ 12–13. ಪ್ಲಗ್‌ಗೆ ಹೋಗುವ ಬ್ರೇಕ್ ವೈರ್‌ನಲ್ಲಿ ಅಮ್ಮೀಟರ್ ಕಟ್ಟಿ, ಕಂಟ್ರೋಲರ್‌ನ ಕೈ ಲಿವರ್ ಪೂರ್ತಿ ಒತ್ತಿ ನೋಡಿ. 9 ಬಂದರೆ ಒಂದು ಮ್ಯಾಗ್ನೆಟ್ ಸತ್ತಿದೆ ಅಥವಾ ವೈರ್ ಕಡಿದಿದೆ. ನಾಲ್ಕೂ ಎಳೆಯುತ್ತಿದ್ದರೂ ಒಟ್ಟಾರೆ ಕಡಿಮೆ ಬಂದರೆ ಅರ್ತಿಂಗ್ ಅಥವಾ ಸಣ್ಣ ವೈರ್ ಕಾರಣ. ಟ್ರೇಲರ್‌ನ ಬ್ರೇಕ್ ಕರೆಂಟ್ ಪ್ಲಗ್‌ನ ಅರ್ತ್ ಪಿನ್ ಮೂಲಕವೇ ಹಿಂದಿರುಗಬೇಕು. ಬಾಲ್ ಮತ್ತು ಕಪ್ಲರ್ ಮೂಲಕ ಬರಲಿ ಅಂತ ಬಿಟ್ಟರೆ ಗ್ರೀಸ್, ತುಕ್ಕು ಅಡ್ಡ ಬಂದು ಒಮ್ಮೆ ಹಿಡಿಯುತ್ತದೆ, ಒಮ್ಮೆ ಇಲ್ಲ. ಶೂ ಮೇಲೆ ಗ್ರೀಸ್ ಸೋರಿದ್ದರೆ ಒರೆಸಿ ಉಪಯೋಗವಿಲ್ಲ, ಸೀಲ್ ಮತ್ತು ಶೂ ಎರಡೂ ಬದಲಿಸಿ.

ಇದಾದ ಮೇಲೆ ಗೇನ್. ಲೋಡ್ ಆದ ಟ್ರೇಲರ್, ಒಣಗಿದ ಸಮತಟ್ಟು ರಸ್ತೆ, ಹಿಂದೆ ಮುಂದೆ ಯಾರೂ ಇಲ್ಲದ ಜಾಗ. 40 ಕಿ.ಮೀ. ವೇಗದಲ್ಲಿ ಕೈ ಲಿವರ್ ಪೂರ್ತಿ ಒತ್ತಿ. ಟ್ರೇಲರ್ ಚಕ್ರ ಲಾಕ್ ಆಗಿ ಟೈರು ಎಳೆದುಕೊಂಡು ಬಂದರೆ ಗೇನ್ ಇಳಿಸಿ, ಇಲ್ಲದಿದ್ದರೆ ಅರ್ಧರ್ಧ ಏರಿಸಿ. ಲಾಕ್ ಆಗುವುದಕ್ಕಿಂತ ಒಂದು ಮೆಟ್ಟಿಲು ಕೆಳಗೆ ನಿಲ್ಲಿಸಿ. ಖಾಲಿ ಟ್ರೇಲರ್ ಎಳೆಯುವಾಗ ಅದೇ ಗೇನ್ ಬಿಟ್ಟರೆ ಚಕ್ರ ಲಾಕ್ ಆಗಿ ಟೈರು ಚಪ್ಪಟೆಯಾಗಿ ಸವೆಯುತ್ತದೆ, ಹಾಗಾಗಿ ಖಾಲಿಗೆ ಬೇರೆ ಅಂಕಿ ಬರೆದಿಟ್ಟುಕೊಳ್ಳಿ. ಹೊಸ ಕಂಟ್ರೋಲರ್ ಕೊಳ್ಳುವುದಾದರೆ ಪ್ರೊಪೋರ್ಷನಲ್ ಮಾದರಿಯನ್ನೇ ಕೊಳ್ಳಿ. ಗಾಡಿ ಎಷ್ಟು ಜೋರಾಗಿ ನಿಧಾನವಾಗುತ್ತಿದೆ ಅನ್ನುವುದನ್ನು ಅದು ಅಳೆದು ಅಷ್ಟೇ ಬ್ರೇಕ್ ಟ್ರೇಲರ್‌ಗೂ ಕೊಡುತ್ತದೆ. ಟೈಮ್ ಡಿಲೇ ಮಾದರಿ ನೀವು ಪೆಡಲ್ ಹೇಗೆ ಒತ್ತಿದರೂ ತನ್ನ ಲೆಕ್ಕದಲ್ಲೇ ಏರುತ್ತದೆ.

ಟ್ರೇಲರ್ ಕಳಚಿಕೊಂಡರೆ ಅದರ ಬ್ರೇಕ್ ತಾನೇ ಹಾಕುವ ಬ್ರೇಕ್‌ಅವೇ ಸ್ವಿಚ್ಚನ್ನು ಯಾರೂ ಪರೀಕ್ಷಿಸುವುದೇ ಇಲ್ಲ. ಪ್ಲಗ್ ತೆಗೆದು, ಪಿನ್ ಎಳೆದು, ಪಿಕಪ್‌ನಲ್ಲಿ ನಿಧಾನಕ್ಕೆ ಮುಂದೆ ಎಳೆಯಿರಿ. ಚಕ್ರಗಳು ಹಿಡಿಯಬೇಕು. ಹಿಡಿಯದಿದ್ದರೆ ಟ್ರೇಲರ್ ಮೇಲಿನ ಸಣ್ಣ ಬ್ಯಾಟರಿ ಸತ್ತಿರುತ್ತದೆ. ಪರೀಕ್ಷೆ ಮುಗಿದ ಕೂಡಲೇ ಪಿನ್ ಹಾಕಿ, ಹಾಗೇ ಬಿಟ್ಟರೆ ಬ್ಯಾಟರಿಯೂ ಹೋಗುತ್ತದೆ, ಮ್ಯಾಗ್ನೆಟ್ಟೂ ಬಿಸಿಯಾಗುತ್ತದೆ. ಆ ಸ್ವಿಚ್‌ನ ಕೇಬಲ್ಲನ್ನು ಪಿಕಪ್‌ನ ಗಟ್ಟಿ ಭಾಗಕ್ಕೆ ಬೇರೆಯಾಗಿ ಕಟ್ಟಬೇಕು. ಸೇಫ್ಟಿ ಚೈನ್‌ಗೂ ಬೇಡ, ಕಳಚುವ ಬಾಲ್ ಮೌಂಟ್‌ಗೂ ಬೇಡ. ಬಾಲ್ ಮೌಂಟೇ ಪಿಕಪ್‌ನ ರಿಸೀವರ್ ಕೊಳವೆಯಿಂದ ಹೊರಬಂದರೆ ಕೇಬಲ್ಲೂ ಅದರ ಜೊತೆ ಹೋಗಿ ಪಿನ್ ಎಳೆಯುವವರೇ ಇರುವುದಿಲ್ಲ.

ಇಳಿಜಾರು

ಆಕ್ಸಿಲರೇಟರ್ ಪ್ರಶ್ನೆಗೆ: ಕೊಡಬೇಡಿ. ಒಂದು ಕ್ಷಣ ನೇರವಾದಂತೆ ಅನ್ನಿಸಬಹುದು, ಆದರೆ ವೇಗ ಏರಿರುತ್ತದೆ, ಓಲಾಟವನ್ನು ಬೆಳೆಸುವುದೇ ವೇಗ. ಮುಂದಿನ ಆಟ ಇನ್ನೂ ಅಗಲವಾಗಿ ಬರುತ್ತದೆ, ಆಗ ಇಳಿಸಬೇಕಾದ ವೇಗವೂ ಹೆಚ್ಚು.

ಮಾಡಬೇಕಾದ್ದು ಇಷ್ಟು. ಕಾಲನ್ನು ಆಕ್ಸಿಲರೇಟರ್‌ನಿಂದ ಮೆಲ್ಲಗೆ ತೆಗೆಯಿರಿ. ಸ್ಟೀರಿಂಗ್ ನೇರ ಹಿಡಿದು ಅಲ್ಲೇ ಇರಿಸಿ, ಓಲಾಟಕ್ಕೆ ಎದುರಾಗಿ ತಿರುಗಿಸಲು ಹೋಗಬೇಡಿ. ನಿಮ್ಮ ಕೈ ಯಾವಾಗಲೂ ಅರ್ಧ ಆಟ ತಡವಾಗಿರುತ್ತದೆ, ತಿರುಗಿಸಿದ್ದೆಲ್ಲ ಓಲಾಟಕ್ಕೇ ಸೇರುತ್ತದೆ. ಕಂಟ್ರೋಲರ್‌ನ ಕೈ ಲಿವರನ್ನು ಒತ್ತಿ ಟ್ರೇಲರ್ ಬ್ರೇಕ್ ಮಾತ್ರ ಹಾಕಿ. ಆಗ ಟ್ರೇಲರ್ ಹಿಂದಿನಿಂದ ಗಾಡಿಯನ್ನು ಎಳೆದು ಹಿಡಿದಂತಾಗಿ ಎರಡೂ ಒಂದೇ ಸಾಲಿಗೆ ಬರುತ್ತವೆ. ಪಿಕಪ್‌ನ ಪೆಡಲ್ ಒತ್ತಿದರೆ ಇದರ ಉಲ್ಟಾ. ಮುಂದಿನ ಗಾಡಿ ನಿಧಾನವಾಗಿ, ಓರೆಯಾಗಿ ನಿಂತ ಟ್ರೇಲರ್ ಹಿಂದಿನಿಂದ ನೂಕಿ ಗಾಡಿಯನ್ನೇ ಅಡ್ಡ ತಿರುಗಿಸುತ್ತದೆ. ಆ ಲಿವರ್ ಎಲ್ಲಿದೆ ಅನ್ನುವುದು ನೋಡದೆಯೇ ಕೈಗೆ ಸಿಗಬೇಕು, ನಿಂತ ಗಾಡಿಯಲ್ಲಿ ಅಭ್ಯಾಸ ಮಾಡಿಕೊಳ್ಳಿ. ಹೊಸ ಪಿಕಪ್‌ಗಳಲ್ಲಿ ಟ್ರೇಲರ್ ಸ್ವೇ ಕಂಟ್ರೋಲ್ ಇರುತ್ತದೆ, ಒಂದೊಂದು ಚಕ್ರಕ್ಕೆ ತಾನೇ ಬ್ರೇಕ್ ಕೊಟ್ಟು ಸಹಾಯ ಮಾಡುತ್ತದೆ. ಅದಿದೆ ಅಂತ ಲೋಡು ಹೇಗಾದರೂ ಇಡಬಹುದು ಅಂತಲ್ಲ. ಓಲಾಟ ನಿಂತ ಮೇಲೆ ಪಕ್ಕಕ್ಕೆ ನಿಲ್ಲಿಸಿ. ಲೋಡು ಸರಿದಿದೆಯಾ, ಟ್ರೇಲರ್ ಟೈರಿನ ಗಾಳಿ ಇಳಿದಿದೆಯಾ ನೋಡದೆ ಹೊರಡಬೇಡಿ.

ಘಾಟಿ ಇಳಿಯುವಾಗ ಗೇರ್ ಮೊದಲು, ಬ್ರೇಕ್ ಆಮೇಲೆ. ಇಳಿಜಾರು ಶುರುವಾಗುವ ಮುನ್ನವೇ ಕೆಳಗಿನ ಗೇರಿಗೆ ಬನ್ನಿ, ಆಟೊಮ್ಯಾಟಿಕ್ ಆದರೆ ಟೋ ಮೋಡ್ ಹಾಕಿ. ಬ್ರೇಕ್ ಮೇಲೆ ಕಾಲಿಟ್ಟು ಉದ್ದಕ್ಕೂ ಸವರುತ್ತ ಇಳಿಯಬೇಡಿ. ವೇಗ ಏರಿದಾಗ ಗಟ್ಟಿಯಾಗಿ ಒತ್ತಿ 10 ಕಿ.ಮೀ. ಇಳಿಸಿ, ಪೂರ್ತಿ ಬಿಡಿ, ಡ್ರಮ್ ಡಿಸ್ಕ್ ತಣಿಯಲಿ. ಡಾಟ್ 3 ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ, ಆದರೆ ತೇವ ಹೀರಿದ ಮೇಲೆ ಆ ಮಟ್ಟ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇವು 230 ಮತ್ತು 155. ಹಳೆಯ ಆಯಿಲ್ ಇಟ್ಟುಕೊಂಡು 5 ಟನ್ ಮೀರಿದ ಜೋಡಿಯನ್ನು ಘಾಟಿ ಇಳಿಸುವುದು ಅಂದರೆ, ಪೆಡಲ್ ಒಮ್ಮೆಗೇ ನೆಲಕ್ಕೆ ಹೋಗುವ ಸಾಧ್ಯತೆಯನ್ನು ಜೊತೆಗೇ ಒಯ್ಯುವುದು. ಎರಡು ವರ್ಷಕ್ಕೊಮ್ಮೆ ಬದಲಿಸಿ.

ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್‌ನ ಉಷ್ಣತೆ ಡ್ಯಾಶ್‌ಬೋರ್ಡ್‌ನಲ್ಲಿ ಕಾಣುವಂತಿದ್ದರೆ ಕಣ್ಣಿಡಿ. 80–95 ಡಿಗ್ರಿ ಸಹಜ. 120 ದಾಟಿ ಅಲ್ಲೇ ನಿಂತರೆ ಆಯಿಲ್ ಬೇಗ ಹಾಳಾಗುತ್ತದೆ, ವೇಗ ಇಳಿಸಿ ಕೆಳಗಿನ ಗೇರಿನಲ್ಲಿ ಹತ್ತಿ.

ಆಕ್ಸಲ್_ಲೆಕ್ಕ

ಹೊರಡುವ ಮುನ್ನ ನೋಡಬೇಕಾದ ಇನ್ನು ಕೆಲವು.

ಬಾಲ್ ಗಾತ್ರ ಕಪ್ಲರ್ ಮೇಲೆ ಅಚ್ಚಾಗಿರುತ್ತದೆ, ಎರಡೂ ಒಂದೇ ಇರಲಿ. 2 5/16 ಇಂಚಿನ ಕಪ್ಲರ್ 2 ಇಂಚಿನ ಬಾಲ್ ಮೇಲೆ ಕೂರುತ್ತದೆ, ಲಾಕ್ ಕೂಡ ಆದಂತೆ ಕಾಣುತ್ತದೆ. ಮೊದಲ ದೊಡ್ಡ ಹಂಪ್‌ನಲ್ಲಿ ಹಾರಿ ಹೊರಬರುತ್ತದೆ. ಲಾಕ್ ಹಾಕಿ ಪಿನ್ ಸೇರಿಸಿದ ಮೇಲೆ ಟ್ರೇಲರ್‌ನ ಜಾಕಿನಿಂದ ಮೇಲೆತ್ತಿ ನೋಡಿ. ಪಿಕಪ್‌ನ ಹಿಂಭಾಗವೂ ಜೊತೆಗೆ ಏಳಬೇಕು. ಕಪ್ಲರ್ ಒಂದೇ ಎದ್ದರೆ ಅದು ಬಾಲ್ ಹಿಡಿದಿಲ್ಲ.

ಸೇಫ್ಟಿ ಚೈನ್ ಎರಡನ್ನೂ ಕಪ್ಲರ್ ಕೆಳಗೆ ಅಡ್ಡ ದಾಟಿಸಿ, ಎಡಗಡೆಯದು ಬಲಕ್ಕೆ, ಬಲಗಡೆಯದು ಎಡಕ್ಕೆ. ಕಪ್ಲರ್ ಕಳಚಿದರೆ ಅದು ನೆಲಕ್ಕೆ ಮೂತಿ ಊರದೆ ಚೈನಿನ ತೊಟ್ಟಿಲ ಮೇಲೆ ಬೀಳುತ್ತದೆ. ತಿರುವಿಗೆ ಸಾಕಾಗುವಷ್ಟು ಸಡಿಲ ಬೇಕು, ರಸ್ತೆಗೆ ತಾಗಬಾರದು.

ಟ್ರೇಲರ್ ಸಮತಟ್ಟಾಗಿ ನಿಲ್ಲಬೇಕು. ಮೂತಿ ಮೇಲೆದ್ದರೆ ಹಿಚ್ ಭಾರ ಇಳಿಯುತ್ತದೆ, ಹಿಂದಿನ ಆಕ್ಸಲ್‌ನ ಟೈರುಗಳು ಹೆಚ್ಚು ಹೊರುತ್ತವೆ. ಸರಿಯಾದ ಡ್ರಾಪ್ ಇರುವ ಬಾಲ್ ಮೌಂಟ್ ಆರಿಸುವಾಗ ಎತ್ತರವನ್ನು ಪಿಕಪ್‌ನಲ್ಲಿ ಸಾಮಾನು ತುಂಬಿದ ಮೇಲೆ ಅಳೆಯಿರಿ.

ಟೈರು: ಟ್ರೇಲರ್ ಟೈರ್‌ಗೆ ತಣ್ಣಗಿದ್ದಾಗ ಗಾಳಿ ಹಾಕಿ, ಟ್ರೇಲರ್ ತಗಡಿನಲ್ಲಿ ಬೇರೆ ಬರೆದಿಲ್ಲದಿದ್ದರೆ ಪಕ್ಕೆಯಲ್ಲಿ ಅಚ್ಚಾದ ಗರಿಷ್ಠ ಒತ್ತಡಕ್ಕೆ. ಕಾದ ಮೇಲೆ ಒತ್ತಡ ಏರಿತೆಂದು ಗಾಳಿ ತೆಗೆಯಬೇಡಿ. ವೇಗದ ಅಕ್ಷರವನ್ನೂ ಓದಿ: ಜೆ ಅಂದರೆ 100 ಕಿ.ಮೀ., ಕೆ 110, ಎಲ್ 120. ಟ್ರೆಡ್ ಚೆನ್ನಾಗಿದ್ದರೂ ಐದಾರು ವರ್ಷ ಕಳೆದ ಟ್ರೇಲರ್ ಟೈರನ್ನು ಭಾರಕ್ಕೆ ನಂಬಬೇಡಿ, ನಿಂತಲ್ಲೇ ನಿಂತು ರಬ್ಬರ್ ಒಳಗಿನಿಂದ ಗಡಸಾಗಿರುತ್ತದೆ. ಚಕ್ರ ಬಿಚ್ಚಿ ಹಾಕಿದ್ದರೆ ನಟ್ಟುಗಳನ್ನು ಟಾರ್ಕ್ ರೆಂಚ್‌ನಿಂದ ಬಿಗಿಸಿ, ಅರ್ಧ ಇಂಚಿನ ಸ್ಟಡ್‌ಗೆ ಸಾಮಾನ್ಯವಾಗಿ 120–160 ನ್ಯೂಟನ್ ಮೀಟರ್. ಆಮೇಲೆ 15, 40, 80 ಕಿ.ಮೀ. ಆದಾಗ ಮತ್ತೆ ನೋಡಿ. ಬೇರಿಂಗ್‌ಗೆ ವರ್ಷಕ್ಕೊಮ್ಮೆ ಅಥವಾ ಸುಮಾರು 20,000 ಕಿ.ಮೀ.ಗೊಮ್ಮೆ ಬಿಚ್ಚಿ, ತೊಳೆದು, ಹೊಸ ಗ್ರೀಸ್. ದಾರಿಯಲ್ಲಿ ನಿಂತಾಗ ನಾಲ್ಕೂ ಹಬ್‌ಗೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿಯಿರಿ. ಮೂರು ಒಂದೇ ತರಹ ಇದ್ದು ಒಂದು ಮಾತ್ರ ಎದ್ದು ಕಾಣುವಷ್ಟು ಬಿಸಿ ಇದ್ದರೆ ಆ ಬೇರಿಂಗ್ ಹೋಗುತ್ತಿದೆ, ಅಥವಾ ಶೂ ಹಿಡಿದುಕೊಂಡಿದೆ. ಒಂದು ಹಬ್ ಪೂರಾ ತಣ್ಣಗಿದ್ದರೆ ಅಲ್ಲಿ ಬ್ರೇಕ್ ಕೆಲಸ ಮಾಡುತ್ತಿಲ್ಲ.

ಯಂತ್ರ ಕಟ್ಟುವುದಕ್ಕೆ ನಾಲ್ಕು ಮೂಲೆಗೆ ನಾಲ್ಕು ಬೇರೆ ಬೇರೆ ಚೈನ್, ಪ್ರತಿಯೊಂದಕ್ಕೂ ಅದರದೇ ರಾಟ್ಚೆಟ್ ಬೈಂಡರ್. ಬೂಮ್ ಇಳಿಸಿ, ಬಕೆಟ್ ಹಲಗೆಗೆ ಊರಿ, ಅದಕ್ಕೆ ಐದನೆಯದು. ಟ್ರೇಲರ್ ಮೇಲೆ ಇಟ್ಟ ಹೆಚ್ಚುವರಿ ಬಕೆಟ್‌ಗೂ ಬೇರೆ ಕಟ್ಟು ಬೇಕು, ಸ್ವಂತ ತೂಕಕ್ಕೆ ಅಲ್ಲೇ ಇರುತ್ತದೆ ಅಂತ ಬಿಡಬೇಡಿ. ಕೊಕ್ಕೆ ಸಿಗಿಸಬೇಕಾದ್ದು ಯಂತ್ರದ ಮೇಲೆ ಗುರುತಿರುವ ಕಣ್ಣುಗಳಿಗೆ. ಟ್ರ್ಯಾಕ್ ಮೇಲೋ ಹೈಡ್ರಾಲಿಕ್ ಪೈಪಿನ ಪಕ್ಕವೋ ಚೈನ್ ಹಾಯಿಸಬೇಡಿ. ಮುಂದಿನ ಎರಡು ಮುಂದಕ್ಕೂ ಹಿಂದಿನ ಎರಡು ಹಿಂದಕ್ಕೂ ಎಳೆಯುವಂತಿರಲಿ. ಎಲ್ಲ ಒಂದೇ ದಿಕ್ಕಿಗೆ ಎಳೆದರೆ ಬ್ರೇಕ್ ಹಾಕಿದಾಗ ಯಂತ್ರ ಸರಿದು, 10 ಸೆಂ.ಮೀ. ಸರಿದರೂ ಹಿಚ್ ಭಾರ 50 ಕಿಲೋ ಬದಲಾಯಿತು. ಹೊರಟು 10–15 ಕಿ.ಮೀ. ಆದ ಮೇಲೆ ನಿಲ್ಲಿಸಿ ಬೈಂಡರ್ ಮತ್ತೊಮ್ಮೆ ಬಿಗಿಸಿ, ಟ್ರ್ಯಾಕ್ ಆ ಪೇಂಟ್ ಗೆರೆಯಲ್ಲೇ ಇದೆಯಾ ನೋಡಿ.